ದಿನಕ್ಕೆ ಐದು ಬಸ್ಸು



ಅಕ್ಟೋಬರ್ ಬಂತು ಅಂದ್ರೆ ಊರೆಲ್ಲ ಗುಲಾಬಿ. ಆಸ್ಪತ್ರೆ ಕಟ್ಟಡಕ್ಕೆ ಗುಲಾಬಿ ಲೈಟು, ಮಾಲ್ ಮುಂದೆ ಗುಲಾಬಿ ಬಲೂನು, ಕಂಪನಿಗಳಲ್ಲಿ ಗುಲಾಬಿ ಟೀ ಶರ್ಟ್ ಹಾಕ್ಕೊಂಡು ಐದು ಕಿಲೋಮೀಟರ್ ಓಟ. ನಮ್ಮ ಚಾನೆಲ್ ಕೂಡ ಹಿಂದೆ ಬಿದ್ದಿಲ್ಲ. ಸ್ಕ್ರೀನ್‌ನ ಮೂಲೆಯಲ್ಲಿ ನೋಡಿ, ಒಂದು ಗುಲಾಬಿ ರಿಬ್ಬನ್ ಇದೆ. ಇದು ಸ್ತನ ಕ್ಯಾನ್ಸರ್ ಜಾಗೃತಿ ಮಾಸ. 1985ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಈಗ ನಮ್ಮಲ್ಲೂ ಇದೆ. ಒಳ್ಳೇದೇ. ಆದ್ರೆ ನವೆಂಬರ್ 1ಕ್ಕೆ ಗುಲಾಬಿ ಬಲೂನು ಇಳಿಯುತ್ತೆ, ನಾವೆಲ್ಲ ಹಳದಿ ಕೆಂಪಿಗೆ ತಿರುಗ್ತೀವಿ. ಜಾಗೃತಿ ಆಯ್ತು ಸ್ವಾಮಿ, ಆಮೇಲೆ ಏನು ಮಾಡಬೇಕು? ಡಾಕ್ಟರ್ ಅಲ್ಲದ, ಮಂತ್ರಿ ಅಲ್ಲದ, ಕೋಟ್ಯಧಿಪತಿ ಅಲ್ಲದ ನೀವು ಮತ್ತು ನಾನು ಏನು ಮಾಡಬಹುದು? ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಲೆಕ್ಕ ನೋಡೋಣ. 2022ನೇ ಇಸವಿಯ ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು. ಅದೇ ವರ್ಷ ಈ ಕಾಯಿಲೆಯಿಂದ ತೀರಿಕೊಂಡವರು ಸುಮಾರು 98 ಸಾವಿರ. 365ರಿಂದ ಭಾಗಿಸಿ. ದಿನಕ್ಕೆ ಹತ್ತಿರ ಹತ್ತಿರ 268 ಜನ. ನಮ್ಮ ಕೆಂಪು ಬಸ್ಸಿನಲ್ಲಿ ಐವತ್ತು ಸೀಟು ಅಂತ ಇಟ್ಟುಕೊಳ್ಳಿ. ದಿನಕ್ಕೆ ಐದು ಬಸ್ಸು ತುಂಬ ಹೆಂಗಸರು, ಆಮೇಲೂ ಹದಿನೆಂಟು ಜನ ನಿಂತಿದ್ದಾರೆ. ದಿನಾ ಐದು ಬಸ್ಸು ಕಮರಿಗೆ ಬಿದ್ದಿದ್ದರೆ ನಾವು ಟಿವಿಯವರು ಏನು ಮಾಡ್ತಿದ್ವಿ? ಬೇರೆ ಎಲ್ಲ ಸುದ್ದಿ ಬಿಟ್ಟು ತಿಂಗಳುಗಟ್ಟಲೆ ಲೈವ್ ಕೂರ್ತಿದ್ವಿ. ಸಾರಿಗೆ ಸಚಿವರ ರಾಜೀನಾಮೆ ಕೇಳ್ತಿದ್ವಿ. ಈ ಐದು ಬಸ್ಸು ಮಾತ್ರ ಸದ್ದಿಲ್ಲದೆ, ಒಂದೊಂದು ಮನೆಯಲ್ಲಿ ಒಬ್ಬೊಬ್ಬರಾಗಿ ಬೀಳ್ತಿದೆ. ಅದಕ್ಕೇ ಸುದ್ದಿ ಆಗ್ತಿಲ್ಲ.

ಇನ್ನೊಂದು ಲೆಕ್ಕ. ಅದೇ ವರ್ಷ ಅಮೆರಿಕದಲ್ಲಿ ಹೊಸ ರೋಗಿಗಳು ಸುಮಾರು 2 ಲಕ್ಷ 74 ಸಾವಿರ, ಸತ್ತವರು ಸುಮಾರು 43 ಸಾವಿರ. ಅಂದರೆ ಅಲ್ಲಿ ಆರು ಹೊಸ ರೋಗಿಗಳಿಗೆ ಒಂದು ಸಾವು. ನಮ್ಮಲ್ಲಿ ಇಬ್ಬರಿಗೆ ಒಂದು ಸಾವು. ಈ ವರ್ಷ ಸತ್ತವರೆಲ್ಲ ಈ ವರ್ಷದ ರೋಗಿಗಳೇ ಅಲ್ಲ, ಆದ್ದರಿಂದ ಇದು ತಕ್ಕಡಿಯಲ್ಲಿ ತೂಗಿದಷ್ಟು ಕರಾರುವಾಕ್ಕಾದ ಲೆಕ್ಕ ಅಲ್ಲ. ಆದರೂ ಅಂತರ ಎಷ್ಟು ದೊಡ್ಡದು ಅಂತ ತಿಳಿಯೋಕೆ ಇಷ್ಟು ಸಾಕು. ಅಲ್ಲಿ ಕಾಯಿಲೆ ಜಾಸ್ತಿ, ಸಾವು ಕಡಿಮೆ. ಇಲ್ಲಿ ಕಾಯಿಲೆ ಕಡಿಮೆ, ಸಾವು ಜಾಸ್ತಿ.

ಔಷಧಿ ಇಲ್ಲವಾ ನಮ್ಮಲ್ಲಿ? ಕೇಳಿ. ಸ್ತನ ಕ್ಯಾನ್ಸರ್‌ನ ಒಂದು ಬಗೆಗೆ ಟ್ರಾಸ್ಟುಜುಮಾಬ್ ಅನ್ನೋ ಇಂಜೆಕ್ಷನ್ ಕೊಡ್ತಾರೆ, ಬಹಳ ದುಬಾರಿ ಔಷಧಿ. ಅದಕ್ಕೆ ಸರಿಸಮನಾದ, ಕಡಿಮೆ ಬೆಲೆಯ ಔಷಧಿಯನ್ನ ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂತು. 2017ರ ಡಿಸೆಂಬರ್‌ನಲ್ಲಿ ಅದೇ ಔಷಧಿಗೆ ಅಮೆರಿಕ ಸರ್ಕಾರದ ಒಪ್ಪಿಗೆಯೂ ಸಿಕ್ತು. ಆ ಬಗೆಯ ಔಷಧಿಗಳಲ್ಲಿ ಅಲ್ಲಿ ಒಪ್ಪಿಗೆ ಪಡೆದ ಮೊದಲನೆಯದು ಅದು. ಡಾಕ್ಟರ್‌ಗಳೂ ನಮ್ಮಲ್ಲಿದ್ದಾರೆ. 1973ರಿಂದ ಕಿದ್ವಾಯಿ ಸಂಸ್ಥೆ ನಮ್ಮ ಹೊಸೂರು ರಸ್ತೆಯಲ್ಲೇ ಇದೆ. ಔಷಧಿ ಇಲ್ಲಿ ಇದೆ, ಡಾಕ್ಟರು ಇಲ್ಲಿದ್ದಾರೆ. ಹಾಗಾದ್ರೆ ಎಲ್ಲಿ ಕೆಟ್ಟಿದೆ?

ನಾನು ಓದಿದ್ದು ಎಂಜಿನಿಯರಿಂಗ್. ಆ ಓದು ಈ ಸ್ಟುಡಿಯೋದಲ್ಲಿ ಹೆಚ್ಚೇನೂ ಕೆಲಸಕ್ಕೆ ಬರಲ್ಲ, ಒಂದು ಅಭ್ಯಾಸ ಮಾತ್ರ ಉಳಿದುಕೊಂಡಿದೆ. ಯಾವುದಾದ್ರೂ ಕೆಲಸ ಮಾಡ್ತಿಲ್ಲ ಅಂದ್ರೆ ಇಡೀ ಮೆಷಿನ್‌ಗೆ ಬೈಯೋ ಬದಲು, ಒಂದೊಂದೇ ಹಂತ ಚೆಕ್ ಮಾಡಿ ಎಲ್ಲಿ ಕಟ್ ಆಗಿದೆ ಅಂತ ಹುಡುಕೋದು. ಗಣೇಶನ ಪೆಂಡಾಲಿಗೆ ಹಾಕ್ತೀವಲ್ಲ ಹಳೇ ಕಾಲದ ಸೀರಿಯಲ್ ಸೆಟ್, ಅದನ್ನ ನೆನಪಿಸಿಕೊಳ್ಳಿ. ಒಂದು ಬಲ್ಬು ಹೋದ್ರೆ ಇಡೀ ಸಾಲು ಆಫ್. ಮಿಕ್ಕ ಬಲ್ಬು ಎಷ್ಟೇ ಚೆನ್ನಾಗಿರಲಿ, ಪ್ರಯೋಜನ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಸ್ತನ ಕ್ಯಾನ್ಸರ್‌ಗೆ ಇಂಥದ್ದೇ ಒಂದು ಸಾಲು ಹೇಳುತ್ತೆ. ಮೂರು ಬಲ್ಬು. 60, 60, 80. ಮೊದಲನೇ 60 ಅಂದ್ರೆ, ನೂರರಲ್ಲಿ ಕನಿಷ್ಠ ಅರವತ್ತು ಜನರ ಕಾಯಿಲೆ ಮೊದಲ ಎರಡು ಹಂತದಲ್ಲೇ ಸಿಗಬೇಕು. ಎರಡನೇ 60 ದಿನಗಳ ಲೆಕ್ಕ. ರೋಗಿ ಮೊದಲ ಸಲ ಡಾಕ್ಟರಿಗೆ ತೋರಿಸಿದ ಮೇಲೆ ಅರವತ್ತು ದಿನದ ಒಳಗೆ ಅದು ಏನು ಅಂತ ಖಚಿತ ಆಗಬೇಕು. ಮೂರನೆಯದು 80. ಚಿಕಿತ್ಸೆ ಬೇಕಾದ ನೂರರಲ್ಲಿ ಎಂಬತ್ತು ಜನರಾದ್ರೂ ಅದನ್ನ ಅರ್ಧಕ್ಕೆ ಬಿಡದೆ ಮುಗಿಸಬೇಕು. ಈ ಮೂರನ್ನ ಸಾಧಿಸಿದ್ರೆ 2040ರ ಒಳಗೆ ಪ್ರಪಂಚದಲ್ಲಿ 25 ಲಕ್ಷ ಜೀವ ಉಳಿಸಬಹುದು ಅನ್ನೋದು ಅವರ ಅಂದಾಜು.

ಈ ಮೂರೂ ಬಲ್ಬುಗಳಲ್ಲಿ ಆಸ್ಪತ್ರೆಯ ಕೆಲಸ ಎಷ್ಟಿದೆಯೋ, ಆಸ್ಪತ್ರೆಯ ಹೊರಗಿರೋ ನಮ್ಮ ಕೆಲಸವೂ ಅಷ್ಟೇ ಇದೆ. ಈಗ ಒಂದೊಂದಾಗಿ ನೋಡೋಣ.

ಮೊದಲನೇ ಬಲ್ಬು, ಬೇಗ ಪತ್ತೆ ಆಗೋದು. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು ಆಸ್ಪತ್ರೆಗೆ ಬರೋ ಹೊತ್ತಿಗೆ ಕಾಯಿಲೆ ಮುಂದುವರಿದಿರುತ್ತೆ. ಯಾಕೆ ಅಂದ್ರೆ ಮೊದಲ ಕಾರಣ ಬಾಯಿ. ನಮ್ಮ ಬಾಯಿಗೆ ಆ ಪದವೇ ಬರಲ್ಲ. ಈ ಕಾರ್ಯಕ್ರಮ ಮಾಡ್ತೀನಿ ಅಂದಾಗ ಒಬ್ಬ ಸ್ನೇಹಿತರು ಹೇಳಿದ್ರು, "ಸ್ಕ್ರೀನ್ ಮೇಲೆ ಸ್ತನ ಅಂತ ದೊಡ್ಡದಾಗಿ ಬೇಡ, ಮಹಿಳೆಯರ ಕ್ಯಾನ್ಸರ್ ಅಂತ ಹಾಕೋಣ. ಮನೆಮಂದಿ ಎಲ್ಲ ಕೂತು ನೋಡೋ ಟೈಮು." ಅದೇ ತೊಂದರೆ ನೋಡಿ. ಮನೆಮಂದಿ ಎಲ್ಲ ಕೂತು ನೋಡೋ ಟೈಮಲ್ಲಿ ಹೇಳದೆ ಇನ್ಯಾವಾಗ ಹೇಳೋದು? ಗಂಡಸಾಗಿ ನೀವು ಇದರ ಬಗ್ಗೆ ಮಾತಾಡಬೇಕಾ ಅಂತಲೂ ಕೇಳಿದ್ರು. ಬೇಕು. ಯಾಕಂದ್ರೆ ಮನೆಯಲ್ಲಿ ದುಡ್ಡಿನ ಪೆಟ್ಟಿಗೆ, ಗಾಡಿ ಕೀ, ಆಸ್ಪತ್ರೆಗೆ ಹೋಗೋ ತೀರ್ಮಾನ ಇವತ್ತಿಗೂ ಹೆಚ್ಚಾಗಿ ಗಂಡಸರ ಕೈಯಲ್ಲೇ ಇದೆ. ಅಂದ ಹಾಗೆ ಈ ಕ್ಯಾನ್ಸರ್ ಗಂಡಸರಿಗೂ ಬರುತ್ತೆ, ನೂರರಲ್ಲಿ ಒಂದು ಅಥವಾ ಅದಕ್ಕೂ ಕಡಿಮೆ.

ಬಾಯಿ ಬಿಟ್ಟು ಹೇಳಿದ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. 1974ರ ಅಮೆರಿಕ. ಆಗ ಅಲ್ಲೂ ಈ ಕಾಯಿಲೆಯ ಹೆಸರನ್ನ ಪಿಸುಗುಟ್ಟೋ ಕಾಲ. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅಧಿಕಾರಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ, ಅವರ ಹೆಂಡತಿ ಬೆಟ್ಟಿ ಫೋರ್ಡ್ ಅವರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಗಿ ಆಪರೇಷನ್ ಆಯ್ತು. ಅವರು ಮುಚ್ಚಿಡಲಿಲ್ಲ. ಇಂಥದ್ದೇ ಕಾಯಿಲೆ, ಇಂಥದ್ದೇ ಆಪರೇಷನ್ ಅಂತ ದೇಶಕ್ಕೆ ಹೇಳಿದ್ರು. ಸಾವಿರಾರು ಹೆಂಗಸರು ಆಸ್ಪತ್ರೆಗಳ ಮುಂದೆ ಕ್ಯೂ ನಿಂತ್ರು. ಆ ವರ್ಷದ ಸುಮಾರಿನಲ್ಲಿ ಪತ್ತೆಯಾದ ರೋಗಿಗಳ ಸಂಖ್ಯೆಯ ಗ್ರಾಫ್ ಏಕಾಏಕಿ ಮೇಲಕ್ಕೆ ಹೋಯ್ತು. ಕಾಯಿಲೆ ಹೆಚ್ಚಾಗಿದ್ದಲ್ಲ, ಬಚ್ಚಿಟ್ಟುಕೊಂಡಿದ್ದು ಹೊರಗೆ ಬಂತು. ಉಪಾಧ್ಯಕ್ಷರಾಗಬೇಕಿದ್ದ ನೆಲ್ಸನ್ ರಾಕ್‌ಫೆಲ್ಲರ್ ಅವರ ಹೆಂಡತಿ ಕೂಡ ಆ ಸುದ್ದಿ ಕೇಳಿ ತಮ್ಮನ್ನ ಪರೀಕ್ಷಿಸಿಕೊಂಡ್ರು, ಗಂಟು ಸಿಕ್ತು, ಕೆಲವೇ ವಾರಗಳಲ್ಲಿ ಅವರಿಗೂ ಆಪರೇಷನ್ ಆಯ್ತು. ನಿಮ್ಮ ಬೀದಿಯಲ್ಲಿ, ನಿಮ್ಮ ಸಂಘದಲ್ಲಿ ಚಿಕಿತ್ಸೆ ಆಗಿ ಚೆನ್ನಾಗಿರೋರು ಯಾರಾದ್ರೂ ಇದ್ರೆ, ಅವರು ಬಾಯಿಬಿಟ್ಟು ಹೇಳೋ ಹತ್ತು ನಿಮಿಷದ ಮಾತು ನನ್ನ ಈ ಅರ್ಧ ಗಂಟೆಯ ಕಾರ್ಯಕ್ರಮಕ್ಕಿಂತ ಹೆಚ್ಚು ಕೆಲಸ ಮಾಡುತ್ತೆ. ಹೇಳೋದು ಬಿಡೋದು ಅವರ ಇಷ್ಟ. ಕೇಳೋಕೆ ಕೂರೋದು ನಮ್ಮ ಕೆಲಸ.

ಏನನ್ನ ಗಮನಿಸಬೇಕು? ಬರ್ಕೊಳ್ಳಿ. ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು. ಚರ್ಮ ಗುಳಿ ಬೀಳೋದು, ಕಿತ್ತಳೆ ಸಿಪ್ಪೆ ಥರ ಆಗೋದು. ಮೊಲೆತೊಟ್ಟು ಹೊಸದಾಗಿ ಒಳಗೆ ಸೇರಿಕೊಳ್ಳೋದು. ತೊಟ್ಟಿನಿಂದ ರಕ್ತ ಅಥವಾ ನೀರು ಬರೋದು. ಒಂದು ಕಡೆ ಆಕಾರ, ಗಾತ್ರ ಬದಲಾಗೋದು. ಮುಖ್ಯವಾದ ಮಾತು, ಶುರುವಿನಲ್ಲಿ ಈ ಗಂಟು ಸಾಮಾನ್ಯವಾಗಿ ನೋಯಲ್ಲ. ನಮ್ಮ ಜನ ನೋವಿಲ್ಲ ಅಂದ್ರೆ ಏನೂ ಇಲ್ಲ ಅಂದುಕೊಳ್ತಾರೆ. ಇಲ್ಲಿ ಅದು ಉಲ್ಟಾ. ಹಾಗಂತ ಹೆದರಬೇಡಿ, ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರಲ್ಲ. ಯಾವುದು ಹೌದು ಯಾವುದು ಅಲ್ಲ ಅಂತ ಹೇಳಬೇಕಾದವರು ಡಾಕ್ಟರು, ಪಕ್ಕದ ಮನೆಯವರಲ್ಲ.

ಮನೆಯಲ್ಲೇ ಕೈಯಿಂದ ನೋಡಿಕೊಂಡ್ರೆ ಸಾಕಾ? ಚೀನಾದ ಶಾಂಘೈನಲ್ಲಿ ಬಟ್ಟೆ ಕಾರ್ಖಾನೆಗಳ 2 ಲಕ್ಷ 66 ಸಾವಿರ ಮಹಿಳೆಯರ ಮೇಲೆ ದೊಡ್ಡ ಅಧ್ಯಯನ ಆಯ್ತು. ಅರ್ಧ ಜನಕ್ಕೆ ಸ್ವಯಂ ಪರೀಕ್ಷೆಯನ್ನ ಚೆನ್ನಾಗಿ ಕಲಿಸಿದ್ರು. 2002ರಲ್ಲಿ ಫಲಿತಾಂಶ ಬಂದಾಗ ಕಲಿತವರಲ್ಲೂ ಕಲಿಯದವರಲ್ಲೂ ಸಾವಿನ ಪ್ರಮಾಣ ಹೆಚ್ಚು ಕಡಿಮೆ ಒಂದೇ ಇತ್ತು. ಅಂದ್ರೆ ನಿಮ್ಮ ಮೈ ನಿಮಗೆ ಗೊತ್ತಿರಬೇಕು, ಬದಲಾವಣೆ ಕಂಡ್ರೆ ಹೋಗಬೇಕು. ಅದೊಂದನ್ನೇ ನಂಬಿ ಕೂರಬಾರದು.

ಇನ್ನೊಂದು ಅಧ್ಯಯನ ನಮ್ಮದೇ ದೇಶದ್ದು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಕೊಳೆಗೇರಿಗಳಲ್ಲಿ ಶುರು ಮಾಡಿದ್ರು. 35ರಿಂದ 64 ವರ್ಷದ ಒಂದೂವರೆ ಲಕ್ಷ ಮಹಿಳೆಯರು. ಅರ್ಧ ಜನಕ್ಕೆ ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ. ಪರೀಕ್ಷೆ ಮಾಡಿದವರು ದೊಡ್ಡ ಡಾಕ್ಟರ್‌ಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಇಪ್ಪತ್ತು ವರ್ಷದ ಫಲಿತಾಂಶ 2021ರಲ್ಲಿ ಪ್ರಕಟ ಆಯ್ತು. ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಮುಂದುವರಿದ ಹಂತದ ಕಾಯಿಲೆ ಕಡಿಮೆ ಇತ್ತು. ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇಕಡ 30ರಷ್ಟು ಕಡಿಮೆ ಆಗಿತ್ತು. ಐವತ್ತರ ಒಳಗಿನವರಲ್ಲಿ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ಕೋಟಿ ರೂಪಾಯಿ ಯಂತ್ರ ಇಲ್ಲದೆ, ಎರಡು ಕೈಯಿಂದ ಆದ ಕೆಲಸ ಇದು.

ಅಂಥ ಕೈಗಳು ನಿಮ್ಮ ಊರಲ್ಲೂ ಇವೆ. 30 ವರ್ಷ ದಾಟಿದವರಿಗೆ ಬಿಪಿ, ಶುಗರ್ ಜೊತೆಗೆ ಸ್ತನ ಪರೀಕ್ಷೆಯನ್ನೂ ಮಾಡಬೇಕು ಅನ್ನೋದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬಿಸಿಕೊಳ್ಳೋ ಫಾರಂನಲ್ಲಿ ಸ್ತನದಲ್ಲಿ ಗಂಟು ಇದೆಯಾ, ತೊಟ್ಟಿನಿಂದ ರಕ್ತ ಬರುತ್ತಾ, ಆಕಾರ ಬದಲಾಗಿದೆಯಾ ಅಂತ ಪ್ರಶ್ನೆಗಳಿವೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಜೀವನದಲ್ಲಿ ಒಮ್ಮೆಯಾದ್ರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. ಯಾಕೆ? ಆಶಾ ಅಕ್ಕ ಬಂದಾಗ ಜಗಲಿ ಮೇಲೆ ಅತ್ತೆ, ಮಾವ, ಮೈದುನ ಎಲ್ಲ ಕೂತಿರ್ತಾರೆ. ಆ ಪ್ರಶ್ನೆ ಕೇಳೋದು ಹೇಗೆ, ಉತ್ತರ ಹೇಳೋದು ಹೇಗೆ? ಇಲ್ಲಿ ಗಂಡಸರು ಮಾಡಬಹುದಾದ ಮೊದಲ ಸಹಾಯ ಬಹಳ ಸುಲಭ. ಆಶಾ ಕಾರ್ಯಕರ್ತೆ ಫಾರಂ ತಗೊಂಡು ಬಂದ್ರೆ ಎದ್ದು ಹೊರಗೆ ಹೋಗಿ. ಅರ್ಧ ಗಂಟೆ ಬಿಟ್ಟು ಬನ್ನಿ. ಖರ್ಚಿಲ್ಲದ ಸೇವೆ.

ಎರಡನೇ ಬಲ್ಬು, ಅರವತ್ತು ದಿನ. ಇಲ್ಲಿ ಜೀವ ಹೋಗೋದು ಕ್ಯಾಲೆಂಡರ್‌ನಲ್ಲಿ. ತುಮಕೂರು ಜಿಲ್ಲೆಯಲ್ಲಿ ನನ್ನ ದೊಡ್ಡಮ್ಮ ಇದ್ದಾರೆ. ಅವರ ಒಪ್ಪಿಗೆ ಕೇಳಿಯೇ ಇದನ್ನ ಹೇಳ್ತಿದ್ದೀನಿ. ಒಂದು ಯುಗಾದಿ ದಿನ ಎಣ್ಣೆ ಸ್ನಾನ ಮಾಡೋವಾಗ ಕೈಗೆ ಗಂಟು ಸಿಕ್ತು. ಯಾರಿಗೂ ಹೇಳಲಿಲ್ಲ. ಮೊದಲು ಮಗಳ ಮದುವೆ ಮುಗೀಲಿ ಅಂದ್ರು. ಆಮೇಲೆ ರಾಗಿ ಬಿತ್ತನೆ. ಆಮೇಲೆ ಗೌರಿ ಹಬ್ಬಕ್ಕೆ ಮಗಳು ತವರಿಗೆ ಬರ್ತಾಳೆ, ಅದು ಕಳೀಲಿ ಅಂದ್ರು. ಆರು ತಿಂಗಳು ಹೋಯ್ತು. ಕೊನೆಗೆ ಕಂಡುಹಿಡಿದಿದ್ದು ಸೊಸೆ. ರವಿಕೆ ಒಗೆಯೋಕೆ ಹಾಕುವಾಗ ಕಲೆ ನೋಡಿ, "ಅತ್ತೆ, ಏನಿದು?" ಅಂತ ಕೇಳಿದ್ರು. "ನೋವೇನಿಲ್ಲ ಕಣಮ್ಮ, ಅದೇ ಹೋಗುತ್ತೆ ಬಿಡು" ಅಂದ್ರು ದೊಡ್ಡಮ್ಮ. ಸೊಸೆ ಜಗಳ ಮಾಡಲಿಲ್ಲ, ಊರಿಗೆಲ್ಲ ಹೇಳಲಿಲ್ಲ. ಮಾರನೇ ದಿನ ಬಿಪಿ ಚೆಕ್ ಮಾಡಿಸೋಣ ಬನ್ನಿ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋದ್ರು. ಅಲ್ಲಿಂದ ತುಮಕೂರು, ಅಲ್ಲಿಂದ ಬೆಂಗಳೂರು. ದೊಡ್ಡಮ್ಮನ ಜೀವ ಉಳಿಸಿದವರ ಪಟ್ಟಿ ಮಾಡಿದ್ರೆ ನಾನು ಮೊದಲು ಬರೆಯೋ ಹೆಸರು ಆ ಅತ್ತಿಗೆಯದು, ಸರ್ಜನ್‌ಗಿಂತ ಮೊದಲು.

ಈ ದಿನಗಳನ್ನ ಇನ್ನೂ ಯಾರ್ಯಾರು ತಿನ್ನುತ್ತಾರೆ? ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಹರಡುತ್ತೆ ಅನ್ನೋ ಮಾತು. ಹರಡಲ್ಲ. ಬಯಾಪ್ಸಿ ಮಾಡದೆ ಯಾವ ಬಗೆಯ ಕ್ಯಾನ್ಸರ್ ಅಂತ ಗೊತ್ತಾಗಲ್ಲ, ಗೊತ್ತಾಗದೆ ಔಷಧಿ ಇಲ್ಲ. ಆಪರೇಷನ್ ಅಂದ್ರೆ ಸ್ತನ ಪೂರ್ತಿ ತೆಗೆಯೋದೇ ಅನ್ನೋ ಭಯ. ಯಾವಾಗಲೂ ಹಾಗಲ್ಲ. ಬೇಗ ಬಂದವರಲ್ಲಿ ಅನೇಕರಿಗೆ ಗಂಟಿನ ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಟ್ರೆ ಸಾಕು. ಆಯುಷ್ಯದಲ್ಲಿ ವ್ಯತ್ಯಾಸ ಇಲ್ಲ ಅಂತ ಅಮೆರಿಕ, ಇಟಲಿ ಎರಡೂ ಕಡೆಯ ಇಪ್ಪತ್ತು ವರ್ಷದ ಅಧ್ಯಯನಗಳು 2002ರಲ್ಲೇ ತೋರಿಸಿವೆ. ಇನ್ನೊಂದು, ಮುಟ್ಟಿದ್ರೆ ಬರುತ್ತೆ, ಒಂದೇ ತಟ್ಟೆಯಲ್ಲಿ ಉಂಡ್ರೆ ಬರುತ್ತೆ ಅನ್ನೋದು. ಇದು ಅಂಟುರೋಗ ಅಲ್ಲವೇ ಅಲ್ಲ.

ನೀವೇನು ಮಾಡಬಹುದು? ಮೆಡಿಕಲ್ ಶಾಪ್ ನಡೆಸೋರು, ಬ್ಲೌಸ್ ಹೊಲಿಯೋ ಟೈಲರ್ ಅಕ್ಕಂದಿರು, ಬ್ಯೂಟಿ ಪಾರ್ಲರ್‌ನವರು, ಸ್ತ್ರೀಶಕ್ತಿ ಸಂಘದವರು, ನಿಮ್ಮ ಕಿವಿಗೆ ಬೀಳೋ ಮಾತು ನಮ್ಮ ಕಿವಿಗೆ ಬೀಳಲ್ಲ. ಯಾರಾದ್ರೂ ಗಂಟು ಅಂದ್ರೆ ಮುಲಾಮು ಹೇಳಬೇಡಿ, ಧೈರ್ಯ ಹೇಳಿ ಸುಮ್ಮನಾಗಬೇಡಿ. "ನಾಳೆ ನಾನೂ ಬರ್ತೀನಿ, ಹೋಗೋಣ" ಅನ್ನಿ. ದಿನ ಗೊತ್ತು ಮಾಡಿ. ಓದು ಬರಹ ಗೊತ್ತಿರೋ ಹುಡುಗ ಹುಡುಗಿಯರು ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಯಾವ ದಿನ ಯಾರಿಗೆ ತೋರಿಸಿದ್ವಿ, ಏನು ಟೆಸ್ಟ್ ಬರೆದ್ರು, ರಿಪೋರ್ಟ್ ಯಾವಾಗ ಬರುತ್ತೆ, ಎಲ್ಲ ತಾರೀಖಿನ ಸಮೇತ ಬರೆದಿಡಿ. ಮೊದಲ ಪುಟದಲ್ಲಿ ದೊಡ್ಡದಾಗಿ ಅರವತ್ತನೇ ದಿನದ ತಾರೀಖು ಬರೆಯಿರಿ. ಸರ್ಕಾರಿ ಕಚೇರಿಯಲ್ಲಿ ಫೈಲು ಓಡಿಸೋ ಹಾಗೆ ಈ ಫೈಲ್ ಓಡಿಸೋಕೂ ಒಬ್ಬರು ಬೇಕು.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ಪ್ಯಾಕೇಜ್ ದರದ ಶೇಕಡ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತೆ. ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ ಸಾಲ ಮಾಡೋ ಮುಂಚೆ ಇದನ್ನ ವಿಚಾರಿಸಿ. 104ಕ್ಕೆ ಫೋನ್ ಮಾಡಿದ್ರೆ ಆರೋಗ್ಯವಾಣಿ, 14555 ಆಯುಷ್ಮಾನ್ ಸಹಾಯವಾಣಿ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋ ಅಕ್ಕತಂಗಿಯರೇ, ನಿಮ್ಮ ಸಂಬಳದಲ್ಲಿ ಇಎಸ್‌ಐ ಹಿಡೀತಾರಲ್ಲ, ಅದರಲ್ಲಿ ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ ಕೂಲಿಯ ಶೇಕಡ 80ರಷ್ಟನ್ನ ಎರಡು ವರ್ಷದವರೆಗೆ ಕೊಡೋ ಸೌಲಭ್ಯ ಇದೆ. ಎಷ್ಟು ದಿನ ಕೆಲಸ ಮಾಡಿರಬೇಕು ಅನ್ನೋ ನಿಬಂಧನೆಗಳಿವೆ, ಕೇಳಿ ತಿಳ್ಕೊಳ್ಳಿ. ಫ್ಯಾಕ್ಟರಿ ಎಚ್‌ಆರ್‌ನವರೇ, ಸೂಪರ್‌ವೈಸರ್‌ಗಳೇ, ಗುಲಾಬಿ ಟೀ ಶರ್ಟ್ ಹಂಚಿದ್ದು ಸಂತೋಷ. ಈ ನಿಯಮವನ್ನ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ಹೆಂಗಸರ ಟಾಯ್ಲೆಟ್ ಗೋಡೆಗೆ ಅಂಟಿಸಿ. ಪರೀಕ್ಷೆಗೆ ಹೋಗೋರಿಗೆ ಒಂದು ದಿನದ ಸಂಬಳ ಕಟ್ ಮಾಡಬೇಡಿ.

ಮೂರನೇ ಬಲ್ಬು, ಎಂಬತ್ತು. ಚಿಕಿತ್ಸೆ ಮುಗಿಸೋದು. ಈ ಕಾಯಿಲೆಯ ಚಿಕಿತ್ಸೆ ಒಂದು ದಿನದ್ದಲ್ಲ. ಆಪರೇಷನ್, ಕೆಲವರಿಗೆ ಹೆಚ್ಚಾಗಿ ಮೂರು ವಾರಕ್ಕೊಂದರಂತೆ ಹಲವು ಸುತ್ತು ಕೀಮೋ, ಕೆಲವರಿಗೆ ವಾರಗಟ್ಟಲೆ ರೇಡಿಯೇಷನ್, ಹಾರ್ಮೋನ್ ಸಂಬಂಧಿ ಬಗೆಯವರಿಗೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ದಿನಾ ಒಂದು ಮಾತ್ರೆ. ಇಷ್ಟುದ್ದದ ದಾರಿಯಲ್ಲಿ ಬಹಳ ಜನ ಮಧ್ಯದಲ್ಲೇ ಇಳಿದುಬಿಡ್ತಾರೆ.

ದೊಡ್ಡಮ್ಮನೂ ಇಳಿಯೋದರಲ್ಲಿದ್ರು. ಎರಡು ಕೀಮೋ ಆಯ್ತು, ಮೂರನೆಯದಕ್ಕೆ ಬರಲ್ಲ ಅಂತ ಹಟ. ಕೂದಲು ಹೋಯ್ತು ಅಂತಲೋ, ವಾಂತಿ ಅಂತಲೋ ನಾವೆಲ್ಲ ಊಹೆ ಮಾಡಿದ್ವಿ. ಕಾರಣ ಬೇರೆ ಇತ್ತು. ಮನೆಯಲ್ಲಿ ಕರೆಯೋ ಹಸು. ಅದು ದೊಡ್ಡಮ್ಮನ ಕೈ ಬಿಟ್ರೆ ಇನ್ನೊಬ್ಬರಿಗೆ ಹಾಲು ಕೊಡ್ತಿರಲಿಲ್ಲ. ಬೆಂಗಳೂರಿಗೆ ಹೋದ್ರೆ ಮೂರು ದಿನ, ಬಂದ ಮೇಲೆ ಒಂದು ವಾರ ಏಳೋಕಾಗಲ್ಲ. ಡೇರಿಗೆ ಹಾಲು ಹಾಕದಿದ್ರೆ ಮನೆ ಖರ್ಚು ನಡೆಯಲ್ಲ. ಇದು ಗೊತ್ತಾಗಿ ಮುಂದೆ ಬಂದಿದ್ದು ಯಾರು ಅಂತೀರಿ? ನಾಲ್ಕು ವರ್ಷದಿಂದ ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದ ಪಕ್ಕದ ಹೊಲದವರ ಹೆಂಡತಿ. ವಾರಕ್ಕೆ ಮುಂಚೆಯೇ ದಿನಾ ಬಂದು ದೊಡ್ಡಮ್ಮನ ಪಕ್ಕ ಕೂತು ಹಸುವಿಗೆ ಕೈ ಅಭ್ಯಾಸ ಮಾಡಿಸಿದ್ರು. ಮಿಕ್ಕ ನಾಲ್ಕು ಸುತ್ತು ಮುಗಿಯೋವರೆಗೂ ಎರಡೂ ಹೊತ್ತು ಹಾಲು ಕರೆದು, ದೊಡ್ಡಮ್ಮನ ಹೆಸರಲ್ಲೇ ಡೇರಿಗೆ ಹಾಕಿದ್ರು. "ಆ ಹಸೂನ ಯಾರೂ ನೋಡ್ಕೊಳ್ದೆ ಇದ್ದಿದ್ರೆ ನಾನು ಮೂರ್ನೇ ಸಲ ಬೆಂಗ್ಳೂರಿಗೆ ಬರ್ತಾನೇ ಇರ್ಲಿಲ್ಲ ಕಣಪ್ಪ" ಅಂತ ದೊಡ್ಡಮ್ಮ ಈಗಲೂ ಹೇಳ್ತಾರೆ. ಬದುವಿನ ಜಗಳ ಇನ್ನೂ ಮುಗಿದಿಲ್ಲ, ಅದು ಬೇರೆ ವಿಷಯ.

ಇದನ್ನ ಯಾಕೆ ಹೇಳಿದೆ ಅಂದ್ರೆ, ನಾವು ಸಹಾಯ ಅಂದ ತಕ್ಷಣ ಚೆಕ್ಕು, ದೇಣಿಗೆ ಅಂತ ಯೋಚಿಸ್ತೀವಿ. ದೇಣಿಗೆ ಬೇಕು, ಕೊಡಿ. ಆದರೆ ಪ್ರತಿ ಮನೆಯಲ್ಲೂ ಅಂಥ ಒಂದು ಹಸು ಇರುತ್ತೆ. ಸಿಟಿಯಲ್ಲಾದ್ರೆ ಅದು ಸ್ಕೂಲ್ ವ್ಯಾನ್ ಹತ್ತಬೇಕಾದ ಮಗು, ಲಕ್ವ ಹೊಡೆದು ಮಲಗಿರೋ ಮಾವ, ಬಾಗಿಲು ತೆರೆಯಲೇಬೇಕಾದ ಟಿಫಿನ್ ಅಂಗಡಿ. "ಏನಾದ್ರೂ ಬೇಕಿದ್ರೆ ಹೇಳಿ" ಅಂತ ಹೇಳಿ ಹೋಗಬೇಡಿ, ಯಾರೂ ಹೇಳಲ್ಲ. ಏನು ತಡೀತಿದೆ ಅಂತ ನೀವೇ ನೋಡಿ, ಅದನ್ನ ಹೊತ್ತುಕೊಳ್ಳಿ. "ಕೀಮೋ ದಿನ ನಿಮ್ಮ ಮಗನ ಊಟ ನಮ್ಮ ಮನೆಯಲ್ಲಿ" ಅನ್ನಿ. ಅಷ್ಟೇ.

ಪ್ರಯಾಣದ ಲೆಕ್ಕವೂ ಗೊತ್ತಿರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಜೊತೆಗೆ ಹೋಗೋ ಹೆಣ್ಣುಮಗಳಿಗೂ ಇಲ್ಲ. ರೈಲಿನಲ್ಲಿ ಚಿಕಿತ್ಸೆಗೆ ಹೋಗೋ ಕ್ಯಾನ್ಸರ್ ರೋಗಿಗೆ, ಜೊತೆಗಿರೋ ಒಬ್ಬರಿಗೆ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಸರ್ಟಿಫಿಕೇಟ್ ತಗೋಬೇಕು. ಗಾಡಿ ಇರೋರಿಗೆ ಒಂದು ವಿಶೇಷ ವಿನಂತಿ. ಕೀಮೋ ತಗೊಳ್ತಿರೋರಿಗೆ ಜ್ವರ 100.4 ಡಿಗ್ರಿ ಮುಟ್ಟಿದ್ರೆ ಅದು ಎಮರ್ಜೆನ್ಸಿ. ಕೀಮೋದಿಂದ ಬಿಳಿ ರಕ್ತಕಣ ಇಳಿದಿರುತ್ತೆ, ಸೋಂಕಿನ ಜೊತೆ ಹೋರಾಡೋ ಶಕ್ತಿ ಮೈಯಲ್ಲಿ ಇರಲ್ಲ. ಕ್ರೋಸಿನ್ ಕೊಟ್ಟು ಬೆಳಗಾಗಲಿ ಅಂತ ಕಾಯಬಾರದು. ಮನೆಯಲ್ಲಿ ಥರ್ಮಾಮೀಟರ್ ಇರಬೇಕು, ರಾತ್ರಿ ಎರಡು ಗಂಟೆಗೆ ಫೋನ್ ಎತ್ತೋ ಒಬ್ಬ ಪಕ್ಕದ ಮನೆಯವರು ಇರಬೇಕು. ಆ ಪಕ್ಕದ ಮನೆಯವರು ನೀವಾಗಿ.

ಇನ್ನು ನಮ್ಮ ವಾಟ್ಸಾಪ್ ವಿಶ್ವವಿದ್ಯಾಲಯ. ಲಕ್ಷ್ಮಣ ಫಲ ತಿಂದ್ರೆ ಕೀಮೋಗಿಂತ ಸಾವಿರ ಪಟ್ಟು ಕೆಲಸ ಮಾಡುತ್ತೆ ಅನ್ನೋ ಮೆಸೇಜು ವರ್ಷಕ್ಕೊಮ್ಮೆ ಜಾತ್ರೆ ಥರ ಬರುತ್ತೆ. ಹಣ್ಣು ಹಣ್ಣೇ. ಅದು ಕ್ಯಾನ್ಸರ್ ವಾಸಿ ಮಾಡುತ್ತೆ ಅಂತ ಮನುಷ್ಯರ ಮೇಲೆ ಸಾಬೀತಾಗಿಲ್ಲ. ನಿಮಗೆ ಅದು ಬರೀ ಫಾರ್ವರ್ಡ್. ಮೂರನೇ ಕೀಮೋಗೆ ಹೋಗೋದಾ ಬೇಡವಾ ಅಂತ ಯೋಚಿಸ್ತಾ ಮಲಗಿರೋ ಒಬ್ಬ ಹೆಣ್ಣುಮಗಳಿಗೆ ಅದು ಬಸ್ಸಿನಿಂದ ಇಳಿಯೋಕೆ ಒಂದು ನೆಪ. ಆದ್ದರಿಂದ ಏನೂ ಮಾಡೋಕಾಗಲ್ಲ ಅನ್ನೋರು ಇದೊಂದನ್ನ ಮಾಡಿ, ಫಾರ್ವರ್ಡ್ ಮಾಡಬೇಡಿ. ಅದೂ ಸೇವೆಯೇ.

ಕೊನೇ ಮಾತು. ಸರ್ಕಾರದ ಕೆಲಸವನ್ನ ಜನರ ತಲೆಗೆ ಕಟ್ಟೋಕೆ ನಾನು ಇಷ್ಟೆಲ್ಲ ಹೇಳ್ತಿಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಗಂಟು ಪರೀಕ್ಷೆಗೆ ವ್ಯವಸ್ಥೆ ಇದೆಯಾ, ರಿಪೋರ್ಟ್ ಎಷ್ಟು ದಿನಕ್ಕೆ ಬರುತ್ತೆ ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಚರಂಡಿ, ಬೀದಿ ದೀಪದ ಬಗ್ಗೆ ಕೇಳೋ ಹಾಗೇ ಕೇಳಿ. ಶಾಸಕರು ಮತ ಕೇಳೋಕೆ ಬಂದಾಗ ಕೇಳಿ. ಉತ್ತರ ಬರದಿದ್ರೆ ನಮಗೆ ಹೇಳಿ, ಇಲ್ಲಿ ಕೂತು ನಾವೂ ಕೇಳ್ತೀವಿ. ಆ ಕೆಲಸ ಅವರು ಮಾಡೋವರೆಗೂ, ಮಾಡಿದ ಮೇಲೂ, ಮನೆಯಿಂದ ಆಸ್ಪತ್ರೆ ಬಾಗಿಲಿನವರೆಗಿನ ದಾರಿ ನಮ್ಮದೇ.

ಈ ಕಾರ್ಯಕ್ರಮ ಮುಗಿದ ಮೇಲೆ ಒಂದು ಕೆಲಸ. ರಿಮೋಟ್ ಯಾರ ಕೈಯಲ್ಲಿದೆಯೋ ಅವರಿಗೇ ಹೇಳ್ತಿದ್ದೀನಿ. ಟಿವಿ ಆಫ್ ಮಾಡಿ. ನಿಮ್ಮ ತಾಯಿ, ಹೆಂಡತಿ, ಅಕ್ಕ, ಅತ್ತಿಗೆ, ಮನೆ ಕೆಲಸಕ್ಕೆ ಬರೋ ಅಮ್ಮ, ಮೂವತ್ತು ದಾಟಿದ ಯಾರೇ ಇರಲಿ, ಒಬ್ಬರನ್ನ ಕೇಳಿ. "ಪರೀಕ್ಷೆ ಮಾಡಿಸಿದ್ದೀಯಾ? ಯಾವತ್ತು ಹೋಗೋಣ?" ಕೇಳೋಕೆ ಮುಜುಗರ ಆದ್ರೆ ಇವತ್ತು ಟಿವಿಯವನು ಹೇಳಿದ ಅಂತ ನನ್ನ ಹೆಸರು ಹೇಳಿ, ಪರವಾಗಿಲ್ಲ. ಉತ್ತರಕ್ಕೆ ಕಾಯಿರಿ. ಒಂದು ತಾರೀಖು ಗೊತ್ತು ಮಾಡಿ, ಅಡುಗೆ ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಆ ದಿನ ನೀವೂ ರಜಾ ಹಾಕಿ.